ಅಪ್‌ಡೇಟ್: ತೋಟದ ದಾರಿ ಮಿನಿ ಟ್ರ್ಯಾಕ್ಟರ್‌ನಲ್ಲೇ ಕ್ಲೀನ್ ಆಯ್ತು

ಮಾಲೂರು ಹತ್ರ ನಮ್ಮ ತೋಟದ ದಾರಿ ಮೇಲೆ ಮಳೆಗೆ ಕೊಚ್ಚಿ ಬಂದ ಮಣ್ಣು ಕೂತಿದೆ, ಜೆಸಿಬಿಗೆ ದುಡ್ಡಿಲ್ಲ, 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಸಾಕಾ ಅಂತ ಕೇಳಿದ್ದೆನಲ್ಲ, ಸಾಕಾಯ್ತು.

ಗುಜರಿಯ ದಪ್ಪ ತಗಡಿಗೆ ವೆಲ್ಡಿಂಗ್ ಅಂಗಡಿಯಣ್ಣ ಮೂರು ಕಡೆ ಕೊಂಡಿ ಹಾಕಿ, ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸಿ ಮಣ್ಣು ಕೆರೆಯೋ ಬ್ಲೇಡ್ ಮಾಡಿಕೊಟ್ಟ. 4,500 ರೂಪಾಯಿ. ಮೊದಲ ದಿನ ಪಜೀತಿ: ಹಸಿ ಜೇಡಿ ರಾಗಿಮುದ್ದೆ ಥರ ಅಂಟಿಕೊಳ್ತು, ಬ್ಲೇಡ್ ಎತ್ತೋಕೆ ಹೋದ್ರೆ ಮುಂದಿನ ಚಕ್ರ ನೆಲ ಬಿಡ್ತು! ನೀವು ಹೇಳಿದ ಹಾಗೆ ಮುಂದೆ ಮರಳುಮೂಟೆ ಕಟ್ಟಿ, ಮಣ್ಣನ್ನ ಎರಡು ದಿನ ಬಿಸಿಲಿಗೆ ಒಣಗೋಕೆ ಬಿಟ್ಟು, ಬ್ಲೇಡ್ ಓರೆ ಮಾಡಿ ಮೊದಲ ಗೇರ್‌ನಲ್ಲಿ ತೆಳ್ಳಗೆ ಕೆರೆದೆ. ಮಣ್ಣು ತಾನೇ ಪಕ್ಕಕ್ಕೆ ಸರೀತು. ಅದನ್ನ ಅಪ್ಪ ಟೊಮೆಟೊ ಹೊಲಕ್ಕೆ ಹೊಡೆಸಿದರು.

ಮೋರಿ ಬಾಯಿ ಮಾತ್ರ ಸನಿಕೆಯಲ್ಲೇ ಬಿಡಿಸಬೇಕಾಯ್ತು, ಸೊಂಟ ಇನ್ನೂ ನೋಯ್ತಿದೆ.