ಎಡ ಮೊಣಕಾಲ ಕೆಳಗೆ ಕೃತಕ ಕಾಲು: ರೇಸಿಗೆ ಸೈಕಲ್ ಹೊಂದಿಸುವುದು ಹೇಗೆ?

ಬದಿಯಡ್ಕ_ಪೆಡಲ್:
ತಮ್ಮನಿಗೆ 23 ವರ್ಷ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ, ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನ ಜೈಪುರ ಕಾಲು. ರೋಡ್ ಬೈಕ್, 170 ಮಿ.ಮೀ. ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು). ಚಂದ್ರಗಿರಿ ಸೇತುವೆ ದಾಟಿ ಬೇಕಲ ದಾರಿಯಲ್ಲಿ 20 ಕಿ.ಮೀ. ಆಗುವಾಗ ಮೊಣಕಾಲಿನ ಹಿಂಬದಿ ಸುಲಿಯುತ್ತದೆ. ಟೈಮ್ ಟ್ರಯಲ್‌ಗೆ ತಯಾರಾಗಬೇಕು. ಸೀಟು ಎತ್ತರಿಸಿದರೆ ಸಾಕಾ? ಪ್ಯಾರಾ ಸೈಕ್ಲಿಂಗ್‌ನಲ್ಲಿ ಯಾವ ವರ್ಗಕ್ಕೆ ಬರುತ್ತಾನೆ?

ಲೇತ್_ಮಾಷ್ಟ್ರು:
ಸೀಟು ಮುಟ್ಟಬೇಡಿ. ಅದು ಬಲಗಾಲಿನ ಅಳತೆಗೇ ಇರಲಿ, ಇಲ್ಲದಿದ್ದರೆ ಸೊಂಟ ಅತ್ತಿತ್ತ ಜಾರಿ ಬೆನ್ನು ಹಿಡಿಯುತ್ತದೆ. ಹಿಂಬದಿ ಸುಲಿಯುವುದೆಂದರೆ ಪೆಡಲ್ ಮೇಲಕ್ಕೆ ಬಂದಾಗ ಮೊಣಕಾಲು ಹೆಚ್ಚು ಮಡಚಿ, ಸಾಕೆಟ್‌ನ (ಉಳಿದ ಕಾಲು ಕೂರುವ ಬಟ್ಟಲಿನ) ಹಿಂದಿನ ಅಂಚು ತೊಡೆಯಿಂದ ಇಳಿಯುವ ಸ್ನಾಯುರಜ್ಜುಗಳಿಗೆ ಒತ್ತುತ್ತಿದೆ. ಎಡ ಕ್ರ್ಯಾಂಕನ್ನು ಗಿಡ್ಡ ಮಾಡಿ. ಎಡಗಾಲೇ ಆದದ್ದು ಇಲ್ಲಿ ಅನುಕೂಲ: ಎಡ ತೋಳಿಗೆ ಚೈನ್‌ರಿಂಗ್ ಇಲ್ಲ, ಅದೊಂದನ್ನೇ ಬದಲಿಸಬಹುದು. ಚೌಕ ಆ್ಯಕ್ಸಲ್ ಆಗಿದ್ದರೆ ಮಕ್ಕಳ ಸೈಕಲಿನ 152 ಮಿ.ಮೀ. ತೋಳು ಹುಡುಕಿ, ಚೌಕದ ಓರೆ ಸರಿ ಕೂರುತ್ತದಾ ನೋಡಿಕೊಂಡು ಹಾಕಿ.

ಇದ್ದ ತೋಳಿಗೇ ಹೊಸ ತೂತು ಕೊರೆಸುವ ಯೋಚನೆ ಇದ್ದರೆ, ಗಟ್ಟಿ ತೋಳಿಗೆ ಮಾತ್ರ. ಒಳಗೆ ಟೊಳ್ಳಿರುವ ಹಾಲೋಟೆಕ್ ತೋಳು ಕೊರೆದರೆ ಒಂದು ದಿನ ಏರಿನಲ್ಲಿ ಮುರಿಯುತ್ತದೆ. ಎಡ ಪೆಡಲಿಗೆ 9/16 ಇಂಚು, ಇಂಚಿಗೆ 20 ಹಲ್ಲಿನ ಎಡ ತಿರುಪಿನ ಟ್ಯಾಪ್ ಬೇಕು. ಅಂಗಡಿಯವನು ಬಲ ತಿರುಪು ಹೊಡೆದುಬಿಟ್ಟರೆ ತೋಳು ಗುಜರಿಗೆ.

ಕುಂಬಳೆ_ಸಾಕೆಟ್:
ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಕೆ. ಕ್ರ್ಯಾಂಕ್ 18 ಮಿ.ಮೀ. ಗಿಡ್ಡವಾದರೆ ಪೆಡಲ್ ಕೆಳಗೆ ಬಂದಾಗಲೂ ಕಾಲು ಪೂರ್ತಿ ಚಾಚದೆ ಅಷ್ಟು ಹೆಚ್ಚು ಮಡಚಿ ಉಳಿಯುತ್ತದೆ. ಹಾಗಾಗಿ ಸೈಕಲಿಗೇ ಬೇರೆ ಕಾಲು ಮಾಡಿಸುವುದಾದರೆ 5–10 ಮಿ.ಮೀ. ಗಿಡ್ಡ ಇರಲಿ, ಮೇಲೂ ಕೆಳಗೂ ಲಾಭ. ಆ ಕಾಲಿನಲ್ಲಿ ನಡೆಯಬಾರದು, ಅಷ್ಟೇ. ಹಿಂದಿನ ಅಂಚು ತಗ್ಗಿಸಿ ಹೊರಕ್ಕೆ ಬಾಗಿಸಲು ಕಾಲು ಮಾಡಿದವರಲ್ಲೇ ಹೇಳಿ, ಮನೆಯಲ್ಲಿ ಅರ ಹಾಕಬೇಡಿ. ಎಚ್‌ಡಿಪಿಇ ಕಾಲಿಗೆ ನಡುವೆ ಅಡಾಪ್ಟರ್ ಇಲ್ಲದ ಕಾರಣ ಕೋನ ಆಮೇಲೆ ತಿದ್ದಲಾಗದು.

ಗಾಯ ಎಲ್ಲಿ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಸ್ಟಂಪಿನ (ಉಳಿದ ಕಾಲಿನ) ತುದಿ ಕೆಂಪಾದರೆ ಅದು ಸಾಕೆಟ್‌ನ ತಳಕ್ಕೆ ಇಳಿದಿದೆ: ಸವಾರಿಯಲ್ಲಿ ಸ್ಟಂಪ್ ಸಣ್ಣದಾಗುತ್ತದೆ, 1 ಪ್ಲೈ (ಒಂದು ಪದರ ದಪ್ಪದ) ಕಾಲುಚೀಲ ಹೆಚ್ಚಿಸಿ. ಸಾಕೆಟ್ ಒಳಗೆ ಮೆತ್ತನೆಯ ಲೈನರ್ ಹಾಕುವವನಾದರೆ ನಮ್ಮ ಕರಾವಳಿಯ ಸೆಖೆಗೆ 40 ನಿಮಿಷಕ್ಕೊಮ್ಮೆ ತೆಗೆದು ಬೆವರು ಒರೆಸಲೇಬೇಕು. ಪೌಡರ್ ಉದುರಿಸುವವರಿದ್ದಾರೆ, ಬೆವರಿಗೆ ಅದು ಮುದ್ದೆಗಟ್ಟಿ ಉಜ್ಜುತ್ತದೆ. ಕಾಲು ಬಿಚ್ಚಿ 20 ನಿಮಿಷವಾದರೂ ಕೆಂಪು ಮಾಯದಿದ್ದರೆ ಮರುದಿನ ಸವಾರಿ ಬೇಡ.

ಚೆರ್ಕಳ_ಗೇರ್:
ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ಅಟ್ಟೆಯ ತುಂಡು) ಬಗ್ಗೆ ಯಾರೂ ಹೇಳಲಿಲ್ಲ. ಹಿಮ್ಮಡಿ ಗಂಟು ಆಡದ ಕಾಲಿಗೆ ಕ್ಲೀಟ್ ಬೆರಳ ಬುಡದಲ್ಲಿದ್ದರೆ ಪಾದ ಮಣಿದು ಬಲ ಸೋರುತ್ತದೆ. ಪಾದದ ನಡುಭಾಗಕ್ಕೆ, ಕಾಲಿನ ಪೈಪಿನ ನೇರಕ್ಕೆ ತನ್ನಿ. ಶೂವಿನ ಸೀಳು ಅಷ್ಟು ಹಿಂದೆ ಹೋಗುವುದಿಲ್ಲ, ಅಟ್ಟೆಗೆ ತೂತು ಕೊರೆದು ಟಿ-ನಟ್ ಹಾಕಬೇಕು. ಶಿಮಾನೋ ಎಸ್‌ಪಿಡಿ ಪೆಡಲಿನಲ್ಲಿ ಎಸ್‌ಎಚ್56 ಕ್ಲೀಟ್, ಸ್ಪ್ರಿಂಗ್ ಪೂರಾ ಸಡಿಲ. ಹಿಮ್ಮಡಿ ತಿರುಗಿಸಿ ಬಿಡಿಸಲು ಹೋದರೆ ಪಾದ ತಿರುಗದೆ ಸಾಕೆಟ್ ಸ್ಟಂಪಿನ ಮೇಲೆ ತಿರುಗುತ್ತದೆ. 56 ಮೇಲಕ್ಕೆ ಎಳೆದರೂ ಬಿಡುತ್ತದೆ.

ಲೇತ್_ಮಾಷ್ಟ್ರು:
ಅದೇ ಕಾರಣಕ್ಕೆ ಎದ್ದು ನಿಂತು ತುಳಿದರೆ 56 ಬಿಟ್ಟುಹೋಗುತ್ತದೆ ಭಾವ. ಕಲಿಯಲು ಸರಿ. ರೇಸಿಗೆ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುವ ಎಸ್‌ಎಚ್51, ಸಡಿಲ ಸ್ಪ್ರಿಂಗ್, ಮತ್ತು ನಿಲ್ಲುವಾಗ ಮೊದಲು ಬಲಗಾಲು ಬಿಡಿಸುವ ರೂಢಿ.

ಕುಂಬಳೆ_ಸಾಕೆಟ್:
ವರ್ಗ: ಮೊಣಕಾಲ ಕೆಳಗೆ ಒಂದೇ ಕಾಲು ಇಲ್ಲದೆ ಕೃತಕ ಕಾಲಿನಲ್ಲಿ ತುಳಿಯುವವರು ಸಾಮಾನ್ಯವಾಗಿ ಸಿ4. ಸಿ1ರಿಂದ ಸಿ5ರವರೆಗೆ ಸಂಖ್ಯೆ ಹೆಚ್ಚಿದಷ್ಟು ಊನ ಕಡಿಮೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದ ಆಂಧ್ರದ ಅರ್ಷದ್ ಶೇಖ್ ಸಿ2. ಕೊನೆಯ ಮಾತು ವರ್ಗೀಕರಣ ಮಂಡಳಿಯದ್ದು, ವೈದ್ಯಕೀಯ ದಾಖಲೆಗಳನ್ನು ಈಗಲೇ ಒಟ್ಟುಮಾಡಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ.

ಬದಿಯಡ್ಕ_ಪೆಡಲ್:
152ರ ತೋಳು ಸಿಕ್ಕಿತು ಮಾಷ್ಟ್ರೇ. ಗೇರ್ ಹೇಗಿರಲಿ?

ಚೆರ್ಕಳ_ಗೇರ್:
ಮುಂದೆ 34 ಹಲ್ಲು, ಹಿಂದೆ 32. ಭಾರದ ಗೇರಿನಲ್ಲಿ ನಿಧಾನ ತುಳಿದರೆ ಪ್ರತಿ ತುಳಿತದ ಒತ್ತಡ ಸ್ಟಂಪಿಗೇ. ನಿಮಿಷಕ್ಕೆ 85–90 ಸುತ್ತು ಇರಲಿ. ಮೊದಲ ಎರಡು ವಾರ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ 20 ನಿಮಿಷ, ಆಮೇಲೆ ರಸ್ತೆ. ಎಡ ಪೆಡಲ್ ಅಪ್ರದಕ್ಷಿಣವಾಗಿ ಬಿಗಿಯಬೇಕು, ತಿರುಪಿಗೆ ಗ್ರೀಸ್ ಹಚ್ಚಿ.