ಚಾಕ್ ಗುಡ್ಡಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಎರಿಕ್ ರವಿಲಿಯಸ್ ಅವರ ಜಲವರ್ಣ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಲೇಖನ ಅರ್ಧಕ್ಕೆ ನಿಂತಿದೆ.

1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಆ ಹೊತ್ತಿನಲ್ಲೇ ರವಿಲಿಯಸ್ ದಕ್ಷಿಣ ಇಂಗ್ಲೆಂಡಿನ ಗುಡ್ಡಗಳ ಮೇಲೆ ನೆಲ ಕೆತ್ತಿ ಮೂಡಿಸಿದ ದೊಡ್ಡ ಬಿಳಿ ಕುದುರೆಯ ಆಕೃತಿಗಳನ್ನು ಚಿತ್ರಿಸಿದರು. ಅವುಗಳಲ್ಲಿ ಅಫಿಂಗ್ಟನ್ ಊರಿನ ಕುದುರೆಗೆ ಸುಮಾರು 3000 ವರ್ಷ ವಯಸ್ಸು, ಉದ್ದ ಸುಮಾರು 110 ಮೀಟರ್. ಅದರ ಚಿತ್ರದಲ್ಲಿ ಸೈನಿಕರಿಲ್ಲ, ವಿಮಾನವಿಲ್ಲ. ಮಂಕು ಬೆಳಕು, ಹುಲ್ಲು, ಗುಡ್ಡದ ಮೇಲೆ ಓರೆಯಾಗಿ ಕಾಣುವ ಕುದುರೆ, ಅಷ್ಟೇ. ಆಮೇಲೆ ಜರ್ಮನ್ ಪೈಲಟ್‌ಗಳಿಗೆ ಅದು ಗುರುತಾಗಬಾರದು ಅಂತ ಕುದುರೆಯನ್ನೇ ಹುಲ್ಲುಹೆಂಟೆ, ಬೇಲಿಸೊಪ್ಪಿನಿಂದ ಮುಚ್ಚಿಬಿಟ್ಟರು. ಯುದ್ಧದ ಚಿತ್ರಕಾರರಾಗಿ ಸೇನೆಯ ಜೊತೆ ಹೋದ ರವಿಲಿಯಸ್ 1942ರಲ್ಲಿ ಐಸ್‌ಲ್ಯಾಂಡ್ ಹತ್ತಿರ ವಿಮಾನದೊಂದಿಗೆ ಕಣ್ಮರೆಯಾದರು. ಆಗ ಅವರಿಗೆ 39 ವರ್ಷ.

ಈಗ ನನ್ನ ಪ್ರಶ್ನೆ. ಈ ಗುಡ್ಡಗಳೆಲ್ಲ ಚಾಕ್ ಅನ್ನುವ ಮೆದು ಬಿಳಿ ಕಲ್ಲಿನವು. ಹುಲ್ಲು ಕೆತ್ತಿ, ತಗ್ಗು ತೋಡಿ, ಅದರೊಳಗೆ ಚಾಕ್ ಜಜ್ಜಿ ತುಂಬಿದರೆ ಕುದುರೆ ಮೂಡುತ್ತದೆ. ಜನ ಇವತ್ತಿಗೂ ಸುತ್ತಿಗೆ ಹಿಡಿದು ಹೊಸ ಚಾಕ್ ಜಜ್ಜಿ ಅದನ್ನು ಬೆಳ್ಳಗಿಡುತ್ತಾರೆ. ಇದಕ್ಕೆ 'ಸೀಮೆಸುಣ್ಣ' ಅಂದರೆ ಓದುವವರ ಕಣ್ಣಿಗೆ ಬರುವುದು ಕರಿಹಲಗೆ ಅಲ್ವಾ? ಅದೂ ಅಲ್ಲದೆ, ಶಾಲೆಯ ಸೀಮೆಸುಣ್ಣವನ್ನು ಈಗ ಜಾಸ್ತಿ ಜಿಪ್ಸಮ್‌ನಿಂದ ಮಾಡುತ್ತಾರೆ. ಸೀಮೆಎಣ್ಣೆಯ ಹಾಗೆ ಇಲ್ಲೂ 'ಸೀಮೆ' ಅಂದರೆ ಹೊರಗಿಂದ ಬಂದದ್ದು. ಆ ಊರಿನವರಿಗೆ ಅದು ಕಾಲಡಿಯ ನೆಲ. 'ಬಳಪ'ವೂ ಒಗ್ಗುವುದಿಲ್ಲ, ಬಳಪದ ಕಲ್ಲು ನಮ್ಮ ಹೊಯ್ಸಳ ಗುಡಿಗಳ ಕಲ್ಲು. 'ಸುಣ್ಣದಕಲ್ಲು' ವಿಜ್ಞಾನದ ಲೆಕ್ಕಕ್ಕೆ ಸರಿ. ಆದರೆ ಕಲಬುರಗಿ ಕಡೆಯವರಿಗೆ ಅದು ನೆಲಕ್ಕೆ ಹಾಸುವ ಗಟ್ಟಿ ಶಹಾಬಾದ್ ಕಲ್ಲನ್ನು ನೆನಪಿಸುತ್ತದೆ. ಚಾಕ್ ಮೆದು, ಕೈಗೆ ಬಿಳಿ ಪುಡಿ ಹತ್ತುತ್ತದೆ.

ಸದ್ಯಕ್ಕೆ 'ಮೆದುಸುಣ್ಣದ ಗುಡ್ಡ' ಅಂತ ಬರೆದಿದ್ದೇನೆ. ಪದ ಹೊಸದು, ಆದರೆ ಅರ್ಥವಾಗುತ್ತದೆ ಅನ್ನಿಸುತ್ತದೆ. ಸೇಡಿಮಣ್ಣಿನ ಪರಿಚಯವಿರುವ ಮಲೆನಾಡು, ಕರಾವಳಿಯವರು ಹೇಳಿ: ಮಣ್ಣಲ್ಲದ, ಮೆದುವಾದ ಬಿಳಿ ಕಲ್ಲಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ?

ಇನ್ನೊಂದು ಚಿಕ್ಕ ಅನುಮಾನ. ಮರವಿಲ್ಲದೆ, ಹುಲ್ಲು ಹೊದ್ದು ಉರುಟಾಗಿ ಹರಡಿದ ಈ ಗುಡ್ಡಗಳನ್ನು ಅಲ್ಲಿ 'ಡೌನ್ಸ್' ಅನ್ನುತ್ತಾರೆ. ನನಗೆ 'ಬೋರೆ' ಹಿಡಿಸಿದೆ. ಮೈಸೂರು ಸೀಮೆಯ ಆಚೆ ಈ ಪದ ಓಡುತ್ತದೆಯೇ, ಅಥವಾ ಎಲ್ಲರಿಗೂ ಗೊತ್ತಿರುವ 'ದಿಣ್ಣೆ'ಯೇ ಸಾಕೇ?