ಫ್ಯಾಸ್ಮೊಫೋಬಿಯಾ ಆಡುವಾಗ ಈಗ ಹೆದರಿಕೆನೇ ಆಗಲ್ಲ, ನಿಮಗೂ ಹೀಗಾ?

ಗಿರಮಿಟ್_ಹುಬ್ಬಳ್ಳಿ:
ಫ್ಯಾಸ್ಮೊಫೋಬಿಯಾ ಅಂದರೆ ದೆವ್ವ ಇರೋ ಮನೆಗೆ ಹೊಕ್ಕು, ಅದು ಯಾವ ಬಗೆಯ ದೆವ್ವ ಅಂತ ಪತ್ತೆ ಹಚ್ಚೋ ಆಟ. ನಾವು ನಾಲ್ಕು ಜನ. ಇಬ್ಬರು ವಿದ್ಯಾನಗರದವರು, ಒಬ್ಬ ಧಾರವಾಡ, ಇನ್ನೊಬ್ಬ ಗದಗ. 2020ರ ಸೆಪ್ಟೆಂಬರ್‌ನಲ್ಲಿ ಆಟ ಬಂತು, ದೀಪಾವಳಿ ಹೊತ್ತಿಗೆ ನಾವು ಶುರು ಮಾಡಿದೆವು. ಆಗ ಆಟದ ಟ್ಯಾಂಗಲ್‌ವುಡ್ ಮನೆಯೊಳಗೆ ಕಾಲಿಡೋಕೆ ಯಾರೂ ತಯಾರಿರಲಿಲ್ಲ. ಗದಗದವನನ್ನು ಒಳಗೆ ದಬ್ಬಿ, ಮೂವರೂ ಟ್ರಕ್‌ನಲ್ಲಿ ಕೂತು ಕ್ಯಾಮೆರಾ ನೋಡುತ್ತಿದ್ದೆವು.

ಒಂದು ರಾತ್ರಿ ಮರೆಯೋಕಾಗಲ್ಲ. ಹಂಟ್, ಅಂದರೆ ದೆವ್ವ ನಮ್ಮನ್ನು ಕೊಲ್ಲೋಕೆ ಹುಡುಕಿಕೊಂಡು ಬರೋದು, ಶುರುವಾಯಿತು. ಮುಂಬಾಗಿಲು ಲಾಕ್, ಟಾರ್ಚ್ ಮಿಣಮಿಣ. ನಾನು ಬೀರುವಿನೊಳಗೆ ಉಸಿರು ಹಿಡಿದು ನಿಂತಿದ್ದೆ. ಹೆಜ್ಜೆ ಸಪ್ಪಳ ದೂರ ಹೋಗುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ, "ರೊಟ್ಟಿ ಆರಾಕತ್ತಾವ, ಬಾರೋ!" ಅಂದಳು. ಮೈಕ್ ಆನ್ ಇತ್ತು. ಹಂಟ್‌ನಲ್ಲಿ ದೆವ್ವಕ್ಕೆ ನಮ್ಮ ಮೈಕಿನ ದನಿ ಕೇಳುತ್ತೆ, ಗೊತ್ತಲ್ವಾ. ಸಪ್ಪಳ ತಿರುಗಿ ಬಂತು. ಬೀರು ತೆರೆಯಿತು. ನಾನು ಕಿರುಚಿದ್ದಕ್ಕೆ ಅವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಈಗ? ಹಂಟ್ ಬಂದರೆ ಸ್ಟಾಪ್‌ವಾಚ್ ಒತ್ತುತ್ತೇವೆ. ದೆವ್ವ ತಡೆಯೋ ಧೂಪ ಹಾಕಿದ ಮೇಲೆ 60 ಸೆಕೆಂಡಿಗೇ ಮತ್ತೆ ಬಂದರೆ ಡೀಮನ್ ಅನ್ನೋ ಬಗೆ, 180ರವರೆಗೆ ಬರದಿದ್ದರೆ ಸ್ಪಿರಿಟ್. ತೆವಳುತ್ತಿದ್ದದ್ದು ನಮ್ಮನ್ನು ಕಂಡ ಕೂಡಲೇ ಓಡಿ ಬಂದರೆ ರೆವನಂಟ್. ಕಳೆದ ಶನಿವಾರ ದೆವ್ವ ಎದುರಿಗೇ ನಿಂತಿತ್ತು, ಧಾರವಾಡದವನು "ನಾಳೆ ಪೇಡಾ ಅರ್ಧ ಕೆಜಿ ಸಾಕೇನು?" ಅಂತ ಕೇಳುತ್ತಿದ್ದ.

ಲೀಥಲ್ ಕಂಪನಿ ಅನ್ನೋ ಇನ್ನೊಂದು ಹೆದರಿಕೆ ಆಟಕ್ಕೂ ಹೋಗಿ ಬಂದೆವು. ನಗು ಜಾಸ್ತಿ, ಹೆದರಿಕೆ ಎರಡೇ ವಾರ. ಏನು ಮಾಡೋದು?

ಮಂಡಕ್ಕಿ_ಹಾವೇರಿ:
ಕಸ್ಟಮ್ ಡಿಫಿಕಲ್ಟಿಗೆ ಹೋಗಿ ಎವಿಡೆನ್ಸ್, ಅಂದರೆ ದೆವ್ವದ ಬಗೆ ಹೇಳೋ ಸಾಕ್ಷಿ, ಸೊನ್ನೆ ಮಾಡಿ. ಇಎಂಎಫ್ ಮೀಟರಿನ ಸುಳಿವಿಲ್ಲ, ಸ್ಪಿರಿಟ್ ಬಾಕ್ಸ್ ರೇಡಿಯೋದಲ್ಲಿ ದೆವ್ವದ ಉತ್ತರ ಇಲ್ಲ. ಬೆವರು ಬರುತ್ತೆ ನೋಡಿ.

ಗಿರಮಿಟ್_ಹುಬ್ಬಳ್ಳಿ:
ಮಾಡಿದೆವು. ಇನ್ನೂ ಕೆಟ್ಟಿತು. ಎವಿಡೆನ್ಸ್ ಇಲ್ಲದಿದ್ದರೆ ಉಳಿಯೋದು ಲೆಕ್ಕ ಒಂದೇ. ಗದಗದವನು ದೆವ್ವದ ಹೆಜ್ಜೆ ವೇಗ ಅಳೆಯೋಕೆ ತಾಳ ಹಾಕೋ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡಿದ್ದಾನೆ. ದೆವ್ವ ಬಂದರೆ ತಬಲಾ ಕ್ಲಾಸಿಗೆ ಬಂದಂಗೆ ಅನಿಸುತ್ತೆ.

ರಾತ್ರಿಪಾಳಿ:
ಐದು ವರ್ಷ ಒಂದೇ ಮನೆಗೆ ಹೋದರೆ ಅದು ಮಾವನ ಮನೆ ಆಗುತ್ತೆ. ಬಿಡ್ರಿ ಅದನ್ನ.

ಉಣಕಲ್_ಕೆರೆ:
ಬಿಡಬೇಡಿ. ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ನೀವು ಬಾಯಿ ಮುಚ್ಚಿಕೊಂಡಿರಿ. ನಾನು ತಂಗಿಯನ್ನು ಕೂರಿಸಿದೆ. ಲೈಟ್ ಆರಿಸಿ, ಸ್ಪಿರಿಟ್ ಬಾಕ್ಸ್ ಹಿಡಿದು, "ಯಾರದು? ಎಲ್ಲಿದ್ದೀ?" ಅಂತ ಕನ್ನಡದಲ್ಲೇ ಕೇಳಿದಳು. ಬಾಕ್ಸ್ ಪಿಟಕ್ ಅನ್ನಲಿಲ್ಲ, ಬರೀ ಸರಸರ ಸದ್ದು. ಅದಕ್ಕೆ ಕನ್ನಡ ತಿಳಿಯಲ್ಲ ಅಂತ ನಾನು ಹೇಳಲಿಲ್ಲ. ಉತ್ತರ ಬರದಷ್ಟೂ ಅವಳ ದನಿ ಸಣ್ಣದಾಗುತ್ತಾ ಹೋಯಿತು. ಅದನ್ನು ಕೇಳುತ್ತಾ ನನ್ನ ಕೈಯೂ ತಣ್ಣಗಾಯಿತು. ನಾನು 300 ಗಂಟೆ ಆಡಿದವನು!

ಗಿರಮಿಟ್_ಹುಬ್ಬಳ್ಳಿ:
ಇದು ಚಲೋ ಅನಿಸ್ತು. ಮೊದಲು ನಮಗೂ ಏನೂ ಗೊತ್ತಿರಲಿಲ್ಲ ಅಲ್ವಾ, ಒಬ್ಬರಿಗೊಬ್ಬರು ಸುಳ್ಳು ಹೇಳಿಯೇ ಹೆದರಿಸುತ್ತಿದ್ದೆವು. ಶನಿವಾರ ಗದಗದವನ ತಮ್ಮ ಅಣ್ಣನ ಸೀಟಿನಲ್ಲಿ ಕೂರುತ್ತಾನೆ. ಸ್ಟಾಪ್‌ವಾಚ್ ಬಂದ್, ಮೆಟ್ರೊನೋಮ್ ಬಂದ್. ನನ್ನ ಮೈಕ್ ಆನ್ ಇರುತ್ತೆ, ರೊಟ್ಟಿ ಹೊತ್ತಿಗೇ ಶುರು ಮಾಡ್ತೀವಿ. ಅವ್ವನಿಗೆ ಏನೂ ಹೇಳಿಲ್ಲ.